ಸಿಂಬಳದಲ್ಲೇ ಐಎಲ್-17 ಅಳೆದೆ: ನನ್ನ ಅನುಭವ

ಉರಿಯೂತದ ಸಂದೇಶ ಒಯ್ಯುವ ಇಂಟರ್‌ಲ್ಯೂಕಿನ್ (ಐಎಲ್) ಪ್ರೋಟೀನುಗಳಾದ ಐಎಲ್-17ಎ, 17ಎಫ್, ಐಎಲ್-25 ಮೂರನ್ನೂ ಮೂಗಿನ ಸಿಂಬಳದಲ್ಲೇ ಬೇರೆ ಬೇರೆಯಾಗಿ ಅಳೆಯುತ್ತೇನೆ ಎಂದಾಗ ನಮ್ಮ ವಿಭಾಗದಲ್ಲಿ ಯಾರೂ ನಂಬಲಿಲ್ಲ. "ರಕ್ತ ತೆಗೆದು ಸೀರಂ ಹಾಕಮ್ಮ, ಸುಮ್ನೆ ಯಾಕೆ ಸಿಂಬಳದ ಹಿಂದೆ ಬೀಳ್ತೀಯ" ಎಂದರು ಹಿರಿಯರೊಬ್ಬರು. ಸೀರಂ, ಅಂದರೆ ರಕ್ತದ ತಿಳಿ, ಹಾಕಿ ನೋಡಿದವರಿಗೆ ಗೊತ್ತೇ ಇದೆ, 17ಎ ಅಲ್ಲಿ ಬ್ಲಾಂಕ್‌ಗಿಂತ (ಏನೂ ಹಾಕದ ಖಾಲಿ ಮಾದರಿಗಿಂತ) ಮೇಲೆ ಏಳುವುದೇ ಅಪರೂಪ. ಉರಿಯೂತ ಮೂಗಿನೊಳಗೆ, ಹುಡುಕಾಟ ತೋಳಿನ ರಕ್ತದಲ್ಲಿ!

ನನಗೆ ಬೇಕಿದ್ದವರು ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಕೆಲಸದವರು. ದಿನವಿಡೀ ಗೂಡು ಬೇಯುವ ಆವಿಯಲ್ಲಿ ಕೂರುವವರು. ಕೆಲವರಿಗೆ ಬರೀ ಸೀನು, ನೀರು. ಕೆಲವರಿಗೆ ಗಟ್ಟಿ ಹಳದಿ ಸಿಂಬಳ. 17ಎ ಮತ್ತು 17ಎಫ್, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳನ್ನು ಕರೆಸುತ್ತವೆ. 25 ಕೂಡ ಅದೇ ಕುಟುಂಬದ್ದು, ಇನ್ನೊಂದು ಹೆಸರು 17ಇ. ಆದರೆ ಅದು ಐಎಲ್-5, ಐಎಲ್-13 ದಾರಿ ಹಿಡಿದು ಅಲರ್ಜಿಯಲ್ಲಿ ಹೆಚ್ಚುವ ಬಿಳಿ ರಕ್ತಕಣವಾದ ಇಯೊಸಿನೋಫಿಲ್ ಕಡೆ ಎಳೆಯುತ್ತದೆ. ಎಲ್ಲ ಸೇರಿಸಿ "ಐಎಲ್-17 ಜಾಸ್ತಿ" ಎಂದು ಬರೆದರೆ ಏನು ಹೇಳಿದಂತಾಯಿತು?

ಮೊದಲು ಸಲೈನ್ ಹಾಕಿ ಮೂಗು ತೊಳೆದೆವು. ಅರ್ಧ ಗಂಟಲಿಗೆ ಹೋಯಿತು, ಉಳಿದದ್ದು ನೀರೋ ನೀರು. ಪ್ರೋಟೀನ್ ಹಿಡಿಯುವ ಆಂಟಿಬಾಡಿ ಹಚ್ಚಿದ ಪ್ಲೇಟ್ ಇಡೀ ಖಾಲಿ, ಏನೂ ಸಿಗಲಿಲ್ಲ. ಅಳೆಯುವ ಕಿಟ್ ಒಂದಕ್ಕೆ ಆಗ 40 ಸಾವಿರದ ಆಸುಪಾಸು ಇತ್ತು, ಅದೂ ಒಂದೇ ಪ್ರೋಟೀನಿಗೆ. ಗ್ರಾಂಟ್ ಕರಗುತ್ತಾ ಬಂತು.

ಆಮೇಲೆ ಸಿಂಬಳ ತೆಳುವಾಗಿಸಲು ಎಲ್ಲರೂ ಹೇಳುವ ಡಿಟಿಟಿ ಎಂಬ ರಾಸಾಯನಿಕ. ಸಿಂಬಳ ಚೆನ್ನಾಗಿಯೇ ತೆಳುವಾಯಿತು. ಗೊತ್ತಿರುವಷ್ಟು 17ಎ ಬೆರೆಸಿ ಅಳೆದರೆ ಕಾಲು ಭಾಗವೂ ವಾಪಸ್ ಬರಲಿಲ್ಲ. ಡಿಟಿಟಿ ಸಿಂಬಳವನ್ನು ಅಂಟಾಗಿಸುವ ಮ್ಯೂಸಿನ್‌ನ ಡೈಸಲ್ಫೈಡ್ (ಗಂಧಕದ) ಬಂಧ ಕತ್ತರಿಸುತ್ತದೆ ಸರಿ, ಆದರೆ ಎ, ಎಫ್‌ಗಳ ಎರಡು ಎಳೆಗಳು ಜೋಡಿಯಾಗಿರುವುದೂ ಅಂಥದ್ದೇ ಬಂಧದಿಂದ ಅಲ್ವಾ? ಪ್ಲೇಟಿನ ಆಂಟಿಬಾಡಿಯನ್ನೂ ಅದು ಬಿಡುವುದಿಲ್ಲ.

ಕೊನೆಗೆ ಕೈ ಹಿಡಿದದ್ದು ಸ್ಪಂಜ್. ತೆಳ್ಳಗೆ ಕತ್ತರಿಸಿ, ತೂಕ ಮಾಡಿ, ಮೂಗಿನೊಳಗಿನ ಕೆಳ ಉಬ್ಬಿನ (ಕೆಳ ಟರ್ಬಿನೇಟ್) ಪಕ್ಕದಲ್ಲಿ ಐದು ನಿಮಿಷದಷ್ಟು ಇಟ್ಟು, ಮತ್ತೆ ತೂಕ. ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಕಿಣ್ವಗಳನ್ನು ತಡೆಯುವ ಬಫರ್ ದ್ರಾವಣದಲ್ಲಿ ನೆನೆಸಿ, ಪಿಸ್ಟನ್ ತೆಗೆದ ಸಿರಿಂಜಿನೊಳಗೆ ಕೂರಿಸಿ, ಅದನ್ನು ಟ್ಯೂಬಿಗೆ ಇಳಿಬಿಟ್ಟು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಣ್ಣಗೆ ಸ್ಪಿನ್. ಅಂಟು ಉಳಿದರೆ ಐಸ್ ಮೇಲೆ ಸ್ವಲ್ಪ ಸೋನಿಕೇಶನ್ (ಶಬ್ದದ ಅಲೆಯಿಂದ ಬಿಡಿಸುವುದು). ಬಫರ್‌ಗೆ ಇನ್ನೊಂದು ವಸ್ತು ಹಾಕುತ್ತೇನೆ, ಅದನ್ನು ಪೇಪರ್ ಬಂದ ಮೇಲೆ ಹೇಳುತ್ತೇನೆ. ಈಗ ಬೆರೆಸಿದ್ದರಲ್ಲಿ ನೂರಕ್ಕೆ 80ರ ಹತ್ತಿರ ವಾಪಸ್ ಬರುತ್ತದೆ. ಐಸ್ ಬಾಕ್ಸ್ ಹಿಡಿದು ಚಿಕ್ಕಬಳ್ಳಾಪುರದ ಬಸ್ ಹತ್ತಿದರೆ "ಏನ್ ಮೇಡಂ, ಲಸಿಕೆನಾ?" ಅನ್ನುತ್ತಿದ್ದರು. ಹೌದು ಅಂದುಬಿಡುತ್ತಿದ್ದೆ.

ಇನ್ನೊಂದು ತಲೆನೋವು ಒಂದು ಎ ಎಳೆ, ಒಂದು ಎಫ್ ಎಳೆ ಸೇರಿದ ಎ-ಎಫ್ ಜೋಡಿ. ನಮ್ಮ 17ಎ ಆಂಟಿಬಾಡಿ ಅದನ್ನೂ ಹಿಡಿಯುತ್ತಿತ್ತು. ಲ್ಯಾಬಿನಲ್ಲಿ ತಯಾರಿಸಿದ (ರೀಕಾಂಬಿನೆಂಟ್) ಎ-ಎಫ್ ಹಾಕಿ ನೋಡಿದ ಮೇಲೆಯೇ ಗೊತ್ತಾದದ್ದು. ಕಿಟ್ ಬಿಟ್ಟು, ಆಂಟಿಬಾಡಿ ಜೋಡಿಗಳನ್ನು ಆರಿಸಿ ತರಿಸಿ ಪ್ಲೇಟ್ ನಾನೇ ಕೋಟ್ ಮಾಡಿದೆ. ಖರ್ಚು ಮೂರನೇ ಒಂದು ಭಾಗಕ್ಕೆ ಇಳಿಯಿತು. ಸುಮ್ನೆ ಕುತೂಹಲಕ್ಕೆ ನಮ್ಮ ಮಾವನವರ ಕೆಚ್ಚಲು ಬಾವಿನ ಹಸುವಿನ ಹಾಲನ್ನೂ ಅದೇ ಪ್ಲೇಟಿಗೆ ಹಾಕಿದೆ. ಮನುಷ್ಯರ ಪ್ರೋಟೀನಿಗೆಂದು ಮಾಡಿದ ಆಂಟಿಬಾಡಿ, ಏನೂ ಹಿಡಿಯಲಿಲ್ಲ. ಮಾವನವರಿಗೆ ಬೇಜಾರಾಯಿತು.

ಗಟ್ಟಿ ಸಿಂಬಳದವರಲ್ಲಿ ಎಫ್ ಎಗಿಂತ ಜಾಸ್ತಿ ಬಂತು. ಹಾಗಂತ ಎಫ್‌ದೇ ಕೈವಾಡ ಎನ್ನಲಾಗದು, ಅದರ ಶಕ್ತಿ ಎಗಿಂತ ತುಂಬಾ ಕಮ್ಮಿ. "ಹಾಗಾದ್ರೆ ಎ ತಡೆದುಬಿಟ್ಟರೆ ಆಯ್ತಲ್ಲ ಮೇಡಂ" ಎಂದ ಒಬ್ಬ ಪಿಜಿ ಹುಡುಗ. 17ಎ ತಡೆಯುವ ಸೆಕುಕಿನುಮ್ಯಾಬ್ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಒಳ್ಳೆಯ ಔಷಧಿ. ಆದರೆ 2012ರಲ್ಲಿ ಪ್ರಕಟವಾದ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯ ಪ್ರಯೋಗದಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ, ಸೋಂಕುಗಳೂ ಹೆಚ್ಚಿದವು. ದೇಹದ ಒಳಪದರದಲ್ಲಿ ಕ್ಯಾಂಡಿಡಾ ಶಿಲೀಂಧ್ರ ತಲೆ ಎತ್ತದಂತೆ ಕಾಯುವುದೂ ಇದೇ ಕುಟುಂಬ. ಹುಡುಗ ಸುಮ್ಮನಾದ.

25 ಮಾತ್ರ ಈಗಲೂ ಸತಾಯಿಸುತ್ತದೆ. ಸೀನುವವರಲ್ಲಿ ಕೆಲವರಿಗಷ್ಟೇ ಕಾಣಿಸಿತು, ಉಳಿದವರದು ಅಳೆಯಬಲ್ಲ ಮಟ್ಟದ (ಕರ್ವ್‌ನ) ಕೆಳಗೇ ಉಳಿಯಿತು. ಅದಕ್ಕೆ ಈಗ ಎರಡೂ ಹೊಳ್ಳೆಗೆ ಸ್ಪಂಜ್ ಇಟ್ಟು, ಬಫರ್ ಅರ್ಧಕ್ಕೆ ಇಳಿಸಿ, ಎರಡನ್ನೂ ಸೇರಿಸಿ ಹಾಕುತ್ತಿದ್ದೇನೆ.