ಒಂದೇ ಟ್ರಸ್ಟಿನ ಹಲವು ಶಾಲೆಗಳಿಗೆ ಫೋಟೊ ತೆಗೆಸುವಾಗ

ಪ್ರತಿ ಶಾಲೆ ತನಗೆ ಬೇಕಾದ ಫೋಟೊಗ್ರಾಫರನ್ನು ಕರೆಸಿದರೆ ಪ್ರಾಸ್ಪೆಕ್ಟಸ್‌ನಲ್ಲಿ ಪುಟಕ್ಕೊಂದು ಬಣ್ಣ ಬರುತ್ತದೆ. ಒಬ್ಬರನ್ನೇ ಗೊತ್ತುಮಾಡಿ, ಶಾಲೆಗೊಂದು ಪೂರ್ತಿ ದಿನ ಕೊಡಿ. ಮಳೆಗಾಲ ಕಳೆದ ನವೆಂಬರ್ ಒಳ್ಳೆಯದು. ವಾರ್ಷಿಕೋತ್ಸವದ ದಿನ ಮಾತ್ರ ಬೇಡ, ಅಂದು ಹಾರ-ಶಾಲು ಸಿಗುತ್ತದೆ, ಪಾಠ ಸಿಗುವುದಿಲ್ಲ.

ಮೊದಲು ಒಪ್ಪಿಗೆ. 18 ವರ್ಷದೊಳಗಿನವರ ಡಿಜಿಟಲ್ ಮಾಹಿತಿ ಬಳಸಲು 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಪೋಷಕರ ಒಪ್ಪಿಗೆ ಕೇಳುತ್ತದೆ. ಫಾರಂನಲ್ಲಿ ವೆಬ್‌ಸೈಟ್, ಮುದ್ರಣ, ಸೋಷಿಯಲ್ ಮೀಡಿಯಾ ಮೂರಕ್ಕೂ ಬೇರೆ ಬೇರೆ ಸಾಲಿರಲಿ. ಒಪ್ಪದವರ ಮಗುವನ್ನು ತರಗತಿಯಿಂದ ಹೊರಗೆ ಕಳಿಸಲೇಬೇಡಿ, ಕ್ಯಾಮೆರಾದ ಹಿಂದಿನ ಬೆಂಚಿನಲ್ಲಿ ಕೂರಿಸಿ.

ತರಗತಿಯಲ್ಲಿ ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಬೆಳಕು ಸಾಕು. ಎರಡೂ ಬೆರೆತರೆ ಒಂದೇ ಮುಖದಲ್ಲಿ ಎರಡು ಬಣ್ಣ ಕಾಣುತ್ತದೆ, ತಿದ್ದುವುದು ಕಷ್ಟ. ಆರಿಸಲಾಗದಿದ್ದರೆ ಶಟರ್ (ಕ್ಯಾಮೆರಾ ಬೆಳಕನ್ನು ಒಳಬಿಡುವ ಸಮಯ) 1/100 ಸೆಕೆಂಡ್ ಇರಲಿ. ನಮ್ಮ ಕರೆಂಟು 50 ಹರ್ಟ್ಜ್, ಅದರಲ್ಲಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಶಟರ್ 1/100ಕ್ಕಿಂತ ವೇಗವಾದರೆ ಚಿತ್ರದಲ್ಲಿ ಪಟ್ಟೆಗಳು ಮೂಡಬಹುದು. ಲ್ಯಾಬಿನಲ್ಲಿ ಸಾಲಾಗಿ ನಿಲ್ಲಿಸಬೇಡಿ. ಬ್ಯೂರೆಟ್‌ನ (ದ್ರವ ಅಳೆಯುವ ಗಾಜಿನ ಕೊಳವೆ) ಮಟ್ಟಕ್ಕೆ ಕಣ್ಣು ತಂದು ಅಳತೆ ಓದುವ ಹುಡುಗಿಯನ್ನು ಅದೇ ಎತ್ತರದಿಂದ ತೆಗೆಯಲಿ. ಅಲ್ಲಿ ಕಲಿಕೆ ಕಾಣುತ್ತದೆ.

ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಕಾಪಿರೈಟ್ ಕಾಯ್ದೆಯ 17ನೇ ಕಲಮಿನಂತೆ ತೆಗೆಸಿದವರದು. ಆದರೂ ಎಲ್ಲ ಶಾಲೆಗಳೂ ಬಳಸಬಹುದೆಂದು ಬರೆಸಿಕೊಳ್ಳಿ.

ಫೈಲುಗಳನ್ನು ಹಾರ್ಡ್‌ಡಿಸ್ಕಿನಲ್ಲೇ ಪಡೆಯಿರಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಎ4 ಪುಟದ ಒಳ್ಳೆಯ ಮುದ್ರಣಕ್ಕೆ 2480×3508 ಪಿಕ್ಸೆಲ್ ಬೇಕು. ಫೈಲಿನ ಹೆಸರಲ್ಲಿ ಶಾಲೆ, ವರ್ಷ, ತರಗತಿ ಇರಲಿ. ಪೋಷಕರು ಒಪ್ಪಿಗೆ ಹಿಂಪಡೆದಾಗ ಆ ಚಿತ್ರ ಹುಡುಕಿ ತೆಗೆಯಲು ಇದೇ ದಾರಿ.