ಲಿಸ್ಟ್ ಎರಡಾದರೂ ಕೋಡ್ ಒಂದೇ ಸಾಕು

ಮಂಗಳೂರಿನ ಸ್ಟೇಟ್‌ಬ್ಯಾಂಕಿನಿಂದ ಉಡುಪಿಗೆ ಹೋಗುವ ಬಸ್ಸಿನ ಸ್ಟಾಪ್‌ಗಳನ್ನು ಒಂದು ಲಿಸ್ಟಿಗೆ ಹಾಕಬೇಕು ಅಂದುಕೊಳ್ಳಿ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ, ಉಡುಪಿ. ನಿಮ್ಮ ಕೋಡ್ ಲೈಬ್ರರಿಯಲ್ಲಿ ಎಲ್ಲವನ್ನೂ ಪಕ್ಕಪಕ್ಕ ಸಾಲಾಗಿ ಇಡುವ ಅರೇ ಲಿಸ್ಟೂ ಇದೆ, ಒಂದೊಂದು ಕೊಂಡಿ (ನೋಡ್) ಮುಂದಿನದನ್ನು ತೋರಿಸುವ ಲಿಂಕ್ಡ್ ಲಿಸ್ಟೂ ಇದೆ. ಹುಡುಕುವ, ಒಂದು ಹೆಸರು ಎಷ್ಟು ಸಲ ಇದೆ ಅಂತ ಎಣಿಸುವ, ಖಾಲಿಯಾ ಅಂತ ನೋಡುವ ಮೆಥಡ್‌ಗಳು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಕಾಪಿ ಪೇಸ್ಟ್ ಮಾಡಿದರೆ ಇವತ್ತಿನ ಕೆಲಸ ಮುಗಿಯುತ್ತದೆ. ನಾಳೆ ತಪ್ಪು ಸಿಕ್ಕಿದರೆ ಎರಡೂ ಕಡೆ ತಿದ್ದಬೇಕು, ಅಲ್ವಾ?

ಮೊದಲು ಮೆಥಡ್‌ಗಳನ್ನು ವಿಂಗಡಿಸಿ. ಡೇಟಾ ಒಳಗೆ ಹೇಗೆ ಕೂತಿದೆ ಅಂತ ಗೊತ್ತಿರಲೇಬೇಕಾದವು ಯಾವುವು? ‘ಮೂರನೇ ಸ್ಟಾಪ್ ಕೊಡು’ ಅನ್ನುವುದಕ್ಕೆ ಗೊತ್ತಿರಬೇಕು. ‘ಕಾಪು ಇದೆಯಾ’ ಅನ್ನುವುದಕ್ಕೆ ಬೇಡ. ಒಂದೊಂದಾಗಿ ಕೇಳಿ ನೋಡಿದರೆ ಸಾಕು.

ಆಮೇಲೆ ಬೇಸ್ ಕ್ಲಾಸ್, ಅಂದರೆ ಎರಡೂ ಲಿಸ್ಟಿಗೆ ಬೇಕಾದ ಕೋಡ್ ಇಡುವ ತಾಯಿ ಕ್ಲಾಸ್. ‘ಗೆಟ್’ (ಇಷ್ಟನೆಯದನ್ನು ಕೊಡು), ‘ಸೈಜ್’ (ಒಟ್ಟು ಎಷ್ಟಿವೆ) ಎರಡನ್ನೂ ಅದರಲ್ಲಿ ಹೆಸರಿಗೆ ಮಾತ್ರ ಇಡಿ, ಮರಿ ಕ್ಲಾಸ್ ತುಂಬಲಿ. ಉಳಿದದ್ದನ್ನೆಲ್ಲ ಇವುಗಳ ಮೇಲೆ ಒಂದೇ ಸಲ ಬರೆಯಿರಿ. 1998ರಲ್ಲಿ ಬಂದ ಜಾವಾ 1.2ರ ಅಬ್‌ಸ್ಟ್ರಾಕ್ಟ್ ಲಿಸ್ಟ್ ಅನ್ನುವ ಬೇಸ್ ಕ್ಲಾಸ್ ಇದೇ ದಾರಿ ಹಿಡಿದಿದೆ. ಓದುವುದಕ್ಕಷ್ಟೇ ಇರುವ ಲಿಸ್ಟಿಗೆ ಈ ಎರಡು ಮೆಥಡ್ ಬರೆದರೆ ಸಾಕು. ಬದಲಾಯಿಸಬಹುದಾದ ಲಿಸ್ಟ್‌ಗಳಿಗಿರುವ ಪೈಥಾನಿನ ಬೇಸ್ ಕ್ಲಾಸ್ ಮ್ಯೂಟಬಲ್ ಸೀಕ್ವೆನ್ಸಿಗೆ 5 ಮೆಥಡ್ ಕೊಟ್ಟರೆ ಅಪೆಂಡ್, ಪಾಪ್, ರಿವರ್ಸ್ ಎಲ್ಲ ತಾನಾಗಿ ಸಿಗುತ್ತವೆ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಲಿಂಕ್ಡ್ ಲಿಸ್ಟಿನಲ್ಲಿ ‘ಗೆಟ್’ ಪ್ರತಿ ಸಲ ಸುರತ್ಕಲ್‌ನಿಂದಲೇ ಹೊರಡುತ್ತದೆ. ಉಡುಪಿ ಇದೆಯಾ ಅಂತ ಹುಡುಕಲು 1+2+3+4+5+6, ಒಟ್ಟು 21 ಹೆಜ್ಜೆ. ನಿಜಕ್ಕೂ ಬೇಕಾದದ್ದು 6. ಸ್ಟಾಪ್ 1,000 ಇದ್ದರೆ 5,00,500 ಹೆಜ್ಜೆ! ಅದಕ್ಕೇ ಹುಡುಕುವ ಮೆಥಡನ್ನು ‘ಗೆಟ್’ ಬದಲು ಇಟರೇಟರ್ ಮೇಲೆ, ಅಂದರೆ ನಿಂತ ಜಾಗ ನೆನಪಿಟ್ಟು ಒಂದೊಂದಾಗಿ ಮುಂದೆ ಕೊಡುವುದರ ಮೇಲೆ, ಬರೆಯಿರಿ. ಲಿಂಕ್ಡ್ ಲಿಸ್ಟ್ ತನ್ನದೇ ಇಟರೇಟರ್ ಕೊಡಲಿ, ಒಂದು ನೋಡ್‌ನಿಂದ ಮುಂದಿನ ನೋಡ್‌ಗೆ ಹೋಗುವಂಥದ್ದು. ಉಳಿದ ಮೆಥಡ್‌ಗಳನ್ನು ಮುಟ್ಟಬೇಕಾಗಿಯೇ ಇಲ್ಲ.

ಕೋಡ್ ಉಳಿಯುತ್ತದೆ ಅಂತ ಸಿಕ್ಕಿದ್ದಕ್ಕೆಲ್ಲ ಇನ್ಹೆರಿಟೆನ್ಸ್ (ತಾಯಿ ಕ್ಲಾಸಿನ ಕೋಡ್ ಮರಿ ಕ್ಲಾಸಿಗೆ ಬರುವುದು) ಹಚ್ಚಬೇಡಿ. ಜಾವಾದ ಸ್ಟ್ಯಾಕ್ (ಒಂದರ ಮೇಲೊಂದು ಪೇರಿಸಿಡುವ) ಕ್ಲಾಸ್ ವೆಕ್ಟರ್ ಅನ್ನುವ ಲಿಸ್ಟ್ ಕ್ಲಾಸಿನಿಂದ ಬಂದಿದೆ. ಹಾಗಾಗಿ ಮೇಲಿನಿಂದ ಮಾತ್ರ ತೆಗೆಯಬೇಕಾದ ಸ್ಟ್ಯಾಕಿನ ನಡುವೆ ಯಾರು ಬೇಕಾದರೂ ಏನನ್ನಾದರೂ ತುರುಕಬಹುದು. ಸ್ಟ್ಯಾಕಿನ ಒಳಗೆ ಒಂದು ಲಿಸ್ಟ್ ಇಟ್ಟುಕೊಂಡು, ಪುಶ್ (ಮೇಲೆ ಇಡುವುದು), ಪಾಪ್ (ಮೇಲಿನದನ್ನು ತೆಗೆಯುವುದು) ಮಾತ್ರ ಹೊರಗೆ ಬಿಡುವುದೇ ಒಳ್ಳೆಯದು.

ಟೆಸ್ಟ್‌ಗಳನ್ನೂ ಹೀಗೇ ಒಂದು ಬೇಸ್ ಟೆಸ್ಟ್ ಕ್ಲಾಸಿನಲ್ಲಿ ಬರೆದಿಡಿ: ಖಾಲಿ ಲಿಸ್ಟ್, ಒಂದೇ ಸ್ಟಾಪ್ ಇರುವ ಲಿಸ್ಟ್, ಇಲ್ಲದ ಸ್ಟಾಪ್ ಹುಡುಕುವುದು. ಮರಿ ಟೆಸ್ಟ್ ಕ್ಲಾಸಿನಲ್ಲಿ ಬದಲಾಗುವುದು ಹೊಸ ಲಿಸ್ಟ್ ಮಾಡಿಕೊಡುವ ಒಂದೇ ಮೆಥಡ್.