ಹತ್ತಲಿಕ್ಕೆ ಆಗುವ ಮರ

“ಮಾಷ್ಟ್ರೇ, ಈ ಮರ ಹತ್ಲಿಕ್ಕೆ ಆಗ್ಲಿಕ್ಕಿಲ್ಲ.”

ನಮ್ಮಲ್ಲಿಗೆ ತೆಂಗಿನಕಾಯಿ ಕೀಳಲು ಬರುವ ಅಣ್ಣ, ಜಗಲಿಯಲ್ಲಿ ಒರಗಿಸಿಟ್ಟಿದ್ದ ನನ್ನ ಚಿತ್ರ ನೋಡಿ ಹೇಳಿದ್ದು ಇಷ್ಟೇ. ಯಾಕೆ ಅಂತ ಕೇಳಿದೆ. ಚಾದ ಗ್ಲಾಸು ಕೆಳಗಿಟ್ಟು ಹತ್ತಿರ ಬಂದರು. “ಮೇಲೆ ಮುಟ್ಟಿದ ಮೇಲೆ ಕೈ ಎಲ್ಲಿ ಇಡುವುದು? ಮಡಲು ಎಲ್ಲ ಒಂದೇ ಗುಂಡಿಯಿಂದ ಬಂದ ಹಾಗೆ ಉಂಟು. ಕಾಯಿ ಎಲ್ಲಿ ಸಿಕ್ಕಿಸಿದ್ದೀರಿ ನೀವು? ಅಲ್ಲಿ ಕಾಯಿ ಬರುವುದಿಲ್ಲ.”

ಮಡಲು ಅಂದರೆ ನಮ್ಮಲ್ಲಿ ತೆಂಗಿನ ಇಡೀ ಸೋಗೆ. ಸ್ವಲ್ಪ ಕೋಪ ಬಂತು. ಆಮೇಲೆ ನೋಡಿದರೆ ಅವರು ಹೇಳಿದ್ದು ಸರಿ. ನಾನು ಬಿಡಿಸಿದ್ದು ಒಂದು ಕೋಲು, ಅದರ ತುದಿಗೆ ಒಂದು ಹಸಿರು ನಕ್ಷತ್ರ. ಕನ್ನಡ ಶಾಲೆಯಲ್ಲಿ ಮಕ್ಕಳು ಬಿಡಿಸುತ್ತಿದ್ದದ್ದೂ ಅದನ್ನೇ. ಅದಕ್ಕೆ ನಾನೇ ಕೆಂಪು ಪೆನ್ನಿನಲ್ಲಿ ರೈಟ್ ಹಾಕಿ ಕೊಟ್ಟವನು.

ಕಾಸರಗೋಡಿನಲ್ಲಿ ಹುಟ್ಟಿ ಬೆಳೆದವನಿಗೆ ತೆಂಗಿನ ಮರ ನೋಡಲು ಯಾರೂ ಕಲಿಸುವುದಿಲ್ಲ. ಕಣ್ಣು ಬಿಟ್ಟರೆ ಅದೇ. ಹಾಗಾಗಿ ನೋಡಿಯೇ ಇರುವುದಿಲ್ಲ ಅಂತ ನನಗೆ ಗೊತ್ತಾದದ್ದು ನಿವೃತ್ತಿಯ ನಂತರ, ಎಣ್ಣೆ ಬಣ್ಣ ಕೈಗೆ ಬಂದ ಮೇಲೆ.

ಮೊದಲು ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ನನ್ನದು ಒಂದು ಪ್ಲೈವುಡ್ ಪೆಟ್ಟಿಗೆ, ಊರಿನ ಆಚಾರಿಯವರ ಹತ್ತಿರ ಮಾಡಿಸಿದ್ದು. ಮುಚ್ಚಳ ತೆರೆದು ನಿಲ್ಲಿಸಿದರೆ ಅದೇ ಚಿತ್ರ ನಿಲ್ಲಿಸುವ ಈಸೆಲ್, ಒಳಗಿನ ಹಲಗೆಯೇ ಬಣ್ಣ ಕಲಸುವ ಪ್ಯಾಲೆಟ್. 10×12 ಇಂಚಿನ ಕ್ಯಾನ್ವಾಸ್ ಬೋರ್ಡು, ಹಂದಿ ಕೂದಲಿನ ಚಪ್ಪಟೆ ಬ್ರಶ್ಶು ಮೂರು, ಉದ್ದ ಕೂದಲಿನ ತೆಳು ಬ್ರಶ್ಶು ಒಂದು, ಒಂದು ಪ್ಯಾಲೆಟ್ ಚಾಕು, ಸಣ್ಣ ಬಾಟಲಿಯಲ್ಲಿ ಟರ್ಪೆಂಟೈನ್, ಇನ್ನೊಂದರಲ್ಲಿ ಅಗಸೆ ಎಣ್ಣೆ. ಬಣ್ಣ ಆರೇ: ಬಿಳಿ, ನಿಂಬೆ ಹಳದಿ, ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಅಲ್ಟ್ರಾಮರೀನ್ ನೀಲಿ, ಐವರಿ ಬ್ಲ್ಯಾಕ್. ಮುಗಿದರೆ ರೈಲು ಹತ್ತಿ ಮಂಗಳೂರಿಗೆ ಹೋಗಿ ತರುತ್ತೇನೆ. ಹೆಂಡತಿಗೆ ಅದು ಆಸ್ಪತ್ರೆ ಚೆಕಪ್ಪಿನ ದಿನವೇ ಆಗಬೇಕು, ಎರಡು ಕೆಲಸ ಒಟ್ಟಿಗೆ.

ಅಗಸೆ ಎಣ್ಣೆ ಅಂದೆನಲ್ಲ, ಅಲ್ಲಿ ನಾನು ಮಾಡಿದ ಮಂಗಾಟ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಎರಡನೇ ವರ್ಷ ನವೆಂಬರಿನಲ್ಲಿ ಎಣ್ಣೆ ಮುಗಿದಿತ್ತು. ಮಂಗಳೂರಿಗೆ ಹೋಗಲು ಉದಾಸೀನ. ಅಡುಗೆಮನೆಯಲ್ಲಿ ನಮ್ಮದೇ ಕೊಬ್ಬರಿಯ ಗಾಣದ ಎಣ್ಣೆ ಇತ್ತು. ತೆಂಗಿನ ಚಿತ್ರಕ್ಕೆ ತೆಂಗಿನೆಣ್ಣೆ, ಎಷ್ಟು ಚಂದ ಅಲ್ವಾ ಅಂತ ಸುರಿದೆ. ಬಣ್ಣ ಬೆಣ್ಣೆಯ ಹಾಗೆ ಓಡಿತು. ಒಂದು ವಾರ ಆಯಿತು, ಒಣಗಲಿಲ್ಲ. ತಿಂಗಳು ಆಯಿತು, ಇಲ್ಲ. ಡಿಸೆಂಬರಿನ ಚಳಿಯಲ್ಲಿ ಒಂದು ಬೆಳಿಗ್ಗೆ ಮುಟ್ಟಿ ನೋಡಿದರೆ ಗಟ್ಟಿ! ಹೆಂಡತಿಯನ್ನು ಕರೆದು ತೋರಿಸಿದೆ. ಹತ್ತು ಗಂಟೆಗೆ ಬಿಸಿಲು ಏರಿದಾಗ ಪುನಃ ಅಂಟು. “ಬಾಟಲಿಯಲ್ಲಿ ಎಣ್ಣೆ ಹೆಪ್ಪುಗಟ್ಟುವುದಿಲ್ವಾ, ಹಾಗೇ ಇದೂ” ಅಂದಳು ಅವಳು, ನನಗಿಂತ ಮೊದಲು.

ಎಣ್ಣೆ ಬಣ್ಣ ಒಣಗುವುದು ಬಟ್ಟೆ ಒಣಗಿದ ಹಾಗೆ ಅಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ತಾನೇ ಪೊರೆಯಾಗಿ ಗಟ್ಟಿಯಾಗುತ್ತದೆ. ತೆಂಗಿನೆಣ್ಣೆಗೆ ಆ ಗುಣವೇ ಇಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಮೇಲೆ ಕರಗುತ್ತದೆ, ಅಷ್ಟೇ. ಆ ಚಿತ್ರ ಅಟ್ಟದಲ್ಲಿ ಈಗಲೂ ಇದೆ, ಆಕಾಶದಲ್ಲಿ ಹತ್ತು ಹನ್ನೆರಡು ನುಸಿ ಅಂಟಿಕೊಂಡು. ತೆಂಗಿನೆಣ್ಣೆಯಿಂದ ಒಂದು ಉಪಕಾರ ಉಂಟು, ಕೆಲಸ ಮುಗಿದ ಮೇಲೆ ಕೈಗೆ ಹಚ್ಚಿ ಉಜ್ಜಿದರೆ ಬಣ್ಣ ಬಿಡುತ್ತದೆ. ಬ್ರಶ್ಶಿಗೂ ಆಗುತ್ತದೆ, ಆಮೇಲೆ ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು. ಚೂರು ಉಳಿದರೂ ಮುಂದಿನ ಚಿತ್ರಕ್ಕೆ ಅದೇ ಕಥೆ.

ಈಗ ಮರಕ್ಕೆ ಬರುತ್ತೇನೆ. ಆ ವರ್ಷ ಜೂನ್ ಗಾಳಿಗೆ ನಮ್ಮ ತೋಟದ ಒಂದು ಹಳೆಯ ಮರ ಬಿತ್ತು. ಕಾಯಿ ತೆಗೆಯುವ ಅಣ್ಣನೇ ಕಡಿಯಲು ಬಂದದ್ದು. ಮಂಡೆ ಪೂರ್ತಿ ನೆಲದ ಮೇಲೆ. ಇಷ್ಟು ವರ್ಷ ಕತ್ತೆತ್ತಿ ನೋಡಿದ್ದು ಈಗ ಕಾಲ ಹತ್ತಿರ. ಅವರು ಒಂದೊಂದೇ ಮಡಲು ಬಿಡಿಸುತ್ತಾ ಹೋದರು, ನಾನು ನೋಟ್‌ಬುಕ್ಕಿನಲ್ಲಿ ಗೀಚುತ್ತಾ ಹೋದೆ. ಒಟ್ಟು 31 ಮಡಲು. ನಡುವಿನಲ್ಲಿ ಕತ್ತಿಯ ಹಾಗೆ ನೆಟ್ಟಗೆ ನಿಂತ ಸಿರಿ, ಇನ್ನೂ ಬಿಡಿಸಿಕೊಳ್ಳದ್ದು.

ಅಲ್ಲಿ ಗೊತ್ತಾಯಿತು. ತಿಂಗಳಿಗೆ ಸುಮಾರು ಒಂದು ಹೊಸ ಮಡಲು ಬರುತ್ತದೆ. ಒಂದರಿಂದ ಇನ್ನೊಂದು ಸುಮಾರು 140 ಡಿಗ್ರಿ ತಿರುಗಿ ಕೂರುತ್ತದೆ, ಹಾಗಾಗಿ ಆರನೆಯದು ಹೆಚ್ಚುಕಡಿಮೆ ಮೊದಲನೆಯದರ ಮೇಲೆಯೇ ಬರುತ್ತದೆ. ಕೆಲವು ಮರ ಎಡಕ್ಕೆ ತಿರುಗುತ್ತದೆ, ಕೆಲವು ಬಲಕ್ಕೆ. ಹೊಸದು ಮೇಲ್ಮುಖ, ನಡುಪ್ರಾಯದ್ದು ಅಡ್ಡ, ಹಳೆಯದು ಕಾಂಡಕ್ಕೆ ಒರಗಿ ಜೋತುಬೀಳುತ್ತದೆ. ಪ್ರತಿ ಮಡಲಿನ ಕಂಕುಳಲ್ಲಿ ಒಂದು ಹೂಗೊಂಚಲು. ಹೂವು ಬಿಟ್ಟು ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಅಂದರೆ ಒಂದೇ ಮರದಲ್ಲಿ ಮೇಲೆ ಹೂವು, ಅದರ ಕೆಳಗೆ ಎಳೆ ಮಿಡಿ, ಮತ್ತೆ ಎಳನೀರಿನ ಬೊಂಡ, ಎಲ್ಲದರ ಕೆಳಗೆ ಬಲಿತ ಕಾಯಿ. ನಾನು ಬಲಿತ ಕಾಯಿಯನ್ನು ಸಿರಿಯ ಬುಡದಲ್ಲಿ ಸಿಕ್ಕಿಸಿದ್ದೆ. ಅವರು ನಗದೆ ಬಿಟ್ಟದ್ದೇ ದೊಡ್ಡದು.

ಮಡಲಿನ ಅಗಲ ಬುಡ, ಅಂದರೆ ಕೊತ್ತಳಿಗೆಯನ್ನೂ ಅವತ್ತೇ ಸರಿಯಾಗಿ ನೋಡಿದ್ದು. ಸಣ್ಣವರಿರುವಾಗ ಅದರಲ್ಲಿ ಕ್ರಿಕೆಟ್ ಬ್ಯಾಟು ಮಾಡಿದವರೇ ನಾವೆಲ್ಲ. ಆದರೆ ಅದು ಕಾಂಡವನ್ನು ಹೇಗೆ ಅಪ್ಪಿ ಹಿಡಿಯುತ್ತದೆ, ಬದಿಯಲ್ಲಿ ಚಾ ಸೋಸುವ ಬಟ್ಟೆಯ ಹಾಗೆ ನಾರಿನ ಬಲೆ ಹೇಗೆ ಸುತ್ತಿಕೊಂಡಿರುತ್ತದೆ ಅಂತ ನೋಡಿರಲಿಲ್ಲ. ಮರ ಹತ್ತುವವರು ಕೈ ಇಡುವುದು ಆ ಜಾಗದಲ್ಲಿ. ಈಗ ನಾನು ಚಿತ್ರ ಶುರು ಮಾಡುವುದೂ ಅಲ್ಲಿಂದಲೇ. ಮೊದಲು ಮಂಡೆಯ ಗಟ್ಟಿ ಭಾಗ, ಒಂದು ಉದ್ದದ ಮೊಟ್ಟೆಯ ಆಕಾರ. ಅದರಿಂದ ಐದಾರು ಮುಖ್ಯ ಮಡಲಿನ ಬೆನ್ನು. ನನ್ನ ಕಡೆಗೇ ಬಾಗಿದ ಮಡಲು ಒಂದಾದರೂ ಬೇಕು. ಅದು ಗಿಡ್ಡವಾಗಿ, ವಿಕಾರವಾಗಿ ಕಾಣುತ್ತದೆ, ಬಿಡಿಸಲು ಕಷ್ಟ. ಅದನ್ನು ಬಿಟ್ಟರೆ ಮರ ಪುಸ್ತಕದೊಳಗೆ ಒತ್ತಿಟ್ಟ ಹೂವಿನ ಹಾಗೆ ಚಪ್ಪಟೆ.

ಗರಿಗಳನ್ನು ಒಂದೊಂದಾಗಿ ಬಿಡಿಸಬೇಡಿ. ಒಂದು ಮಡಲಿನಲ್ಲಿ ಇನ್ನೂರಕ್ಕೂ ಜಾಸ್ತಿ ಇರುತ್ತವೆ. ಬಾಚಣಿಗೆ ಆಗಿಬಿಡುತ್ತದೆ. ಚಪ್ಪಟೆ ಬ್ರಶ್ಶಿನಲ್ಲಿ ಬೆನ್ನಿನಿಂದ ಕೆಳಗೆ ಎಳೆದು ತುದಿಯಲ್ಲಿ ಎತ್ತಿಬಿಟ್ಟರೆ ಐದಾರು ಗರಿ ಒಟ್ಟಿಗೆ ಬರುತ್ತವೆ. ನಡುನಡುವೆ ಆಕಾಶದ ಬಣ್ಣದಲ್ಲಿ ಸೀಳು ಹಾಕಿ. ಕಡ್ಡಿ ಹೊಳೆಯುವ ಕಡೆ ಬ್ರಶ್ಶಿನ ಹಿಂದಿನ ತುದಿಯಿಂದ ಹಸಿ ಬಣ್ಣವನ್ನು ಕೆರೆದರೆ ಸಾಕು. ತೆಂಗಿನ ಗರಿ ಮನೆಯ ಮಾಡಿನ ಹಾಗೆ ಮಡಚಿಕೊಂಡಿರುತ್ತದೆ, ಎರಡು ಬದಿ ಕೆಳಗೆ ಇಳಿದು. ತಾಟಿನುಂಗು ಬಿಡುವ ತಾಳೆ ಮರದ್ದು ಇದರ ಉಲ್ಟಾ, ನೀರು ಹೋಗುವ ದಂಬೆಯ ಹಾಗೆ. ತೆಂಗಿನ ಮಡಲು ಅಷ್ಟು ಮಿನುಗುವುದರಲ್ಲಿ ಈ ಮಡಿಕೆಯ ಪಾಲೂ ಉಂಟು ಅಂತ ನನಗೆ ಕಾಣುತ್ತದೆ.

ಮಿನುಗಿದಾಗ ಅದು ಹಸಿರಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ಮೇಲಿನಿಂದ ಬೆಳಕು ಬಿದ್ದ ಗರಿ ಆಕಾಶವನ್ನು ತೋರಿಸುತ್ತದೆ, ತಿಳಿ ನೀಲಿ ಬೂದು. ಹಿಂದಿನಿಂದ ಬಿಸಿಲು ತೂರಿ ಬಂದ ಗರಿ ಹಳದಿ. ಇವೆರಡರ ನಡುವೆ ಉಳಿದ ಸ್ವಲ್ಪ ಜಾಗದಲ್ಲಿ ಮಾತ್ರ ನಾವು ಹಸಿರು ಅನ್ನುವುದು ಇರುತ್ತದೆ. ಟ್ಯೂಬಿನ ಹಸಿರು ನಾನು ತರುವುದೇ ಇಲ್ಲ. ಐವರಿ ಬ್ಲ್ಯಾಕಿಗೆ ನಿಂಬೆ ಹಳದಿ ಸೇರಿಸಿ ನೋಡಿ, ಬಲಿತ ಮಡಲಿನ ಬಣ್ಣ ಅಲ್ಲೇ ಸಿಗುತ್ತದೆ. ಕಾಂಡವೂ ಕಂದು ಅಲ್ಲ. ಬೂದು. ಅಲ್ಟ್ರಾಮರೀನ್, ಸಿಯೆನ್ನಾ, ಬಿಳಿ. ನಮ್ಮ ಮಣ್ಣು ಕೆಂಪು, ಮುರಕಲ್ಲಿನ ಗೋಡೆ ಕೆಂಪು, ಹಾಗಾಗಿ ಕಾಂಡದ ಬುಡದ ನೆರಳಿಗೆ ಒಂದು ಕಿತ್ತಳೆ ಛಾಯೆ ಏರುತ್ತದೆ. ಕಡಲ ಬದಿಯ ಬಿಳಿ ಹೊಯಿಗೆಯಲ್ಲಿ ನಿಂತ ಮರಕ್ಕೆ ಅದಿಲ್ಲ.

ನನಗೆ ಇಷ್ಟದ ಜಾಗ ಮೊಗ್ರಾಲ್ ಹೊಳೆ ಕಡಲು ಸೇರುವ ಕಡೆ. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಕಡಲು ಎಡಕ್ಕೆ ಬರುವ ಹಾಗೆ ಬಡಗು ಮುಖ ಮಾಡಿ ಕೂತರೆ ಬಿಸಿಲು ಬಲಗಡೆಯಿಂದ, ಕಾಂಡ ಉರುಟು ಅಂತ ಕಾಣುವುದು ಆ ಬೆಳಕಿನಲ್ಲೇ. ಕೂರುವ ಮೊದಲು ಒಮ್ಮೆ ಮೇಲೆ ನೋಡಬೇಕು, ಒಣ ಮಡಲು, ಬಲಿತ ಕಾಯಿ ಉಂಟಾ ಅಂತ. ಟರ್ಪೆಂಟೈನಿನಲ್ಲಿ ತೆಳು ಮಾಡಿದ ಬಣ್ಣದಲ್ಲಿ ಹತ್ತು ನಿಮಿಷ ಗೆರೆ, ಮತ್ತೆ ನೆರಳು ಎಲ್ಲ ಒಂದೇ ಸಲಕ್ಕೆ. ನೆರಳು ಒಮ್ಮೆ ಹಾಕಿದ ಮೇಲೆ ಸೂರ್ಯನ ಹಿಂದೆ ಓಡಬಾರದು. ದಪ್ಪ ಬಣ್ಣ, ಎಣ್ಣೆ ಜಾಸ್ತಿ ಇರುವುದು ಕೊನೆಗೆ. ಈ ಕ್ರಮ ತಲೆಕೆಳಗಾದರೆ ಮುಂದೆ ಬಣ್ಣ ಬಿರುಕು ಬಿಡುತ್ತದೆ.

ಒಂಬತ್ತೂವರೆ ಹತ್ತರ ನಂತರ ಕಡಲ ಗಾಳಿ ಶುರು. ಆಗ ಒಂದು ತಮಾಷೆ ನೋಡಬಹುದು. ದಡದ ಮರ ಬೆಳಕು ಹುಡುಕಿ ಕಡಲ ಕಡೆಗೆ ವಾಲಿರುತ್ತದೆ, ಗಾಳಿ ಮಡಲನ್ನು ಊರ ಕಡೆಗೆ ತಳ್ಳುತ್ತದೆ. ಕಾಂಡ ಒಂದು ಕಡೆ, ತಲೆ ಒಂದು ಕಡೆ. ಮಡಲು ಅಲ್ಲಾಡುತ್ತದೆ ಅಂತ ಮೊದಮೊದಲು ಬೇಜಾರಾಗುತ್ತಿತ್ತು. ಈಗ ಒಂದು ಹೊಯ್ದಾಟ ಮುಗಿದು ಇನ್ನೊಂದು ಶುರುವಾಗುವ ನಡುವಿನ ಕ್ಷಣ ನೋಡಿಕೊಂಡು ಅದನ್ನೇ ಹಾಕುತ್ತೇನೆ. ಹೊಯಿಗೆ ಹಾರಿ ಹಸಿ ಬಣ್ಣಕ್ಕೆ ಅಂಟಿದರೆ ಒರೆಸಬಾರದು. ಒಣಗಲಿ, ಆಮೇಲೆ ತಟ್ಟಿದರೆ ಬೀಳುತ್ತದೆ.

ಕೊಡೆ ಕಪ್ಪೇ ಇರಲಿ. ಯಾವುದೋ ಅಂಗಡಿಯವರು ಪುಕ್ಕಟೆ ಕೊಟ್ಟ ಕೆಂಪು ಕೊಡೆಯ ಕೆಳಗೆ ಕೂತು ಒಂದು ಚಿತ್ರ ಮಾಡಿದ್ದೆ. ಅಲ್ಲಿ ಚಂದ ಇತ್ತು. ಮನೆಗೆ ತಂದು ನೋಡಿದರೆ ಮರ, ಹೊಯಿಗೆ, ದೋಣಿ, ಎಲ್ಲ ಪಾಚಿ ಹಿಡಿದ ಕೆರೆಯ ಹಾಗೆ. ಕೊಡೆಯ ಕೆಂಪನ್ನು ಸರಿಮಾಡಲು ಕೈ ತನ್ನಷ್ಟಕ್ಕೆ ಹಸಿರು ಜಾಸ್ತಿ ಹಾಕಿತ್ತು.

ಹಸಿ ಚಿತ್ರ ಬಸ್ಸಿನಲ್ಲಿ ತರುವುದು ಹೇಗೆ ಅಂತ ಕೇಳುತ್ತಾರೆ. ಒಣಗಿದ ಕೊತ್ತಳಿಗೆಯ ಮೆತ್ತಗಿನ ಭಾಗದಿಂದ ನಾಲ್ಕು ತುಂಡು ಕತ್ತರಿಸಿ, ಎರಡು ಬೋರ್ಡಿನ ನಡುವೆ ಮೂಲೆಗಳಲ್ಲಿ ಇಟ್ಟು, ಮುಖಕ್ಕೆ ಮುಖ ಮಾಡಿ ಕ್ಲಿಪ್ಪು ಹಾಕುತ್ತೇನೆ. ಮಳೆಗಾಲದಲ್ಲಿ ಹೊರಗೆ ಹೋಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಬೋರ್ಡಿನ ಬೆನ್ನಿಗೆ ಬೂಸ್ಟು ಬರುತ್ತದೆ. ಗೋಡೆಗೆ ತಾಗಿಸದೆ, ಗಾಳಿ ಆಡುವ ಹಾಗೆ ಇಡಬೇಕು. ಅಡುಗೆಮನೆಯ ಅಟ್ಟವೇ ಒಳ್ಳೆಯದು, ಹೊಗೆ ಇಲ್ಲದಿದ್ದರೆ.

ಕಳೆದ ತಿಂಗಳು ಕಾಯಿ ತೆಗೆಯುವ ಅಣ್ಣ ಬಂದಿದ್ದರು. ಮೊಗ್ರಾಲಿನ ಹೊಸ ಚಿತ್ರ ಜಗಲಿಯಲ್ಲೇ ಇತ್ತು. ಈ ಸಲ ನಾನು ಕೇಳಲಿಲ್ಲ. ಅವರೇ ಹತ್ತಿರ ಹೋಗಿ ಕೂತು ನೋಡಿದರು. ಒಂದು ಮಡಲಿನ ಗರಿಗಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮೂಲೆಮೂಲೆಯಾಗಿ ಹೋಗಿರುವುದನ್ನು ಬೆರಳಿನಲ್ಲಿ ತೋರಿಸಿದರು. ಬಣ್ಣ ಹಸಿ ಅಂತ ಕೈ ಹಿಡಿದೆ.

“ಕುರುವಾಯಿ ದುಂಬಿ ತಿಂದದ್ದು” ಅಂದರು.

“ಹೌದು.”

“ಬಲದ ಗೊನೆ ಬರುವ ತಿಂಗಳಿಗೆ ಆಗ್ತದೆ. ಈ ಮರ ಹತ್ಬಹುದು. ಒಣ ಮಡಲು ಎರಡು ತೆಗೆದಿಲ್ಲ, ಯಾಕೆ?”

ಬೇಕು ಅಂತಲೇ ಇಟ್ಟದ್ದು, ಆ ಕಂದು ಬಣ್ಣ ಇಲ್ಲದಿದ್ದರೆ ಹಸಿರು ಸಪ್ಪೆ ಆಗುತ್ತದೆ ಅಂದೆ. ಅವರು ಸ್ವಲ್ಪ ಹೊತ್ತು ನೋಡಿದರು.

“ಇರ್ಲಿ. ನೀವು ಅದರ ಅಡಿಯಲ್ಲಿ ಮಾತ್ರ ಕೂತ್ಕೊಳ್ಬೇಡಿ.”